ನಿಂತ ಜೆಸಿಬಿಗೂ ದುಡ್ಡು ಕೊಡಬೇಕು: ಘಾಟಿ ರಸ್ತೆಯ ಮಳೆಗಾಲದ ತಯಾರಿ

"ಕೆಲಸ ಮಾಡದ ಜೆಸಿಬಿಗೆ ಬಿಲ್ ಬರೆಯುತ್ತೀರಾ? ಆಡಿಟ್‌ನವರು ಬಿಡುತ್ತಾರಾ?" ಘಾಟಿಯಲ್ಲಿ ಗುಡ್ಡ ಜರಿದರೆ ಮಣ್ಣು ತೆಗೆಯಲು ಮಳೆಗಾಲವಿಡೀ ಜೆಸಿಬಿಗಳನ್ನು ಬಾಡಿಗೆಗೆ ಸಿದ್ಧವಾಗಿ ಇಟ್ಟುಕೊಳ್ಳುವ ನಮ್ಮ ಎಸ್ಟಿಮೇಟ್ ಮೊದಲ ವರ್ಷ ಮೇಲಧಿಕಾರಿಗಳಿಗೆ ಹೋದಾಗ ಬಂದ ಮಾತು ಇದು. ಮೂರು ಮಳೆಗಾಲ ಕಳೆದ ಮೇಲೆ ಅದೇ ಎಸ್ಟಿಮೇಟಿನ ಪ್ರತಿಯನ್ನು ಕೇಳಿ ಪಡೆಯುವವರಿದ್ದಾರೆ. ಘಾಟಿಯ ಹೆಸರು ಬೇಡ. ಚಾರ್ಮಾಡಿ, ಶಿರಾಡಿ, ಆಗುಂಬೆ, ಸಂಪಾಜೆ, ಎಲ್ಲಿ ದುಡಿದವರಿಗೂ ಲೆಕ್ಕ ಹೊಂದುತ್ತದೆ. ಚರಂಡಿ, ಮೋರಿ ಮೇ ತಿಂಗಳೊಳಗೆ ಶುಚಿಯಾಗಬೇಕು ಎಂಬುದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ.

ಹಳೆಯ ಪದ್ಧತಿ ಗೊತ್ತೇ ಇದೆ: ಗುಡ್ಡ ಜರಿದ ಮೇಲೆ ಫೋನ್. ಆ ರಾತ್ರಿ ತಾಲ್ಲೂಕಿನ ಎಲ್ಲ ಯಂತ್ರಕ್ಕೂ ಕರೆ ಬಂದಿರುತ್ತದೆ. ಗಂಟೆಗೆ 1,200ರ ಜೆಸಿಬಿ 2,000 ಕೇಳುತ್ತದೆ, ಬರುವುದು ಬೆಳಿಗ್ಗೆ. ನಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಯಂತ್ರಗಳಿಗೆ, ಕೆಲಸ ಇರಲಿ ಬಿಡಲಿ, ದಿನಕ್ಕೆ 4 ಗಂಟೆಯ ಬಾಡಿಗೆ ಖಾತರಿ ಎಂದು ಲೆಕ್ಕ ಹಾಕಿದೆವು. ಹನ್ನೆರಡು ಲಕ್ಷದ ಹತ್ತಿರ ಬಂತು, ಮಂಜೂರಾಗಲಿಲ್ಲ. ಆಮೇಲೆ ಆರೆಂಜ್, ರೆಡ್ ಅಲರ್ಟ್ ದಿನಗಳಿಗೆ 4 ಗಂಟೆ, ಉಳಿದ ದಿನಕ್ಕೆ 2 ಗಂಟೆ ಎಂದು ಒಡೆದಾಗ ಎಂಟು ಲಕ್ಷದ ಆಸುಪಾಸಿಗೆ ಇಳಿಯಿತು. ಆಡಿಟ್‌ಗೆ ಉತ್ತರವೂ ಅದರಲ್ಲೇ ಇತ್ತು. ಖಾತರಿ ಗಂಟೆ ಎಂದರೆ ಯಂತ್ರ ನಿಂತೇ ಇರಬೇಕೆಂದಿಲ್ಲ. ಅದೇ ಹೊತ್ತಿನಲ್ಲಿ ಚರಂಡಿಗೆ ಬಿದ್ದ ಮಣ್ಣು ತೆಗೆಸಬಹುದು. ಬೆಳಿಗ್ಗೆ, ಸಂಜೆ ಯಂತ್ರ ಓಡಿದ ಗಂಟೆ ತೋರಿಸುವ ಅವರ್ ಮೀಟರಿನ ಫೋಟೊ ತೆಗೆದು ಲಾಗ್ ಬುಕ್ಕಿಗೆ ಅಂಟಿಸಿದರೆ ಆಕ್ಷೇಪಣೆ ಬರುವುದಿಲ್ಲ. ಡೀಸೆಲ್ ಮಾಲೀಕರದ್ದೇ. ಆದರೂ 200 ಲೀಟರಿನ ಒಂದು ಬ್ಯಾರೆಲ್ ಘಾಟಿಯ ಮೇಲ್ತುದಿಯಲ್ಲಿ ಇರಲೇಬೇಕು. ಗಂಟೆಗೆ ಐದಾರು ಲೀಟರ್ ಕುಡಿಯುವ ಯಂತ್ರಕ್ಕೆ ಅದು ಒಂದೂವರೆ ದಿನದ ಊಟ.

ಆಪರೇಟರ್ ರಾತ್ರಿ ಮನೆಗೆ ಹೋಗದೆ ಯಂತ್ರದ ಹತ್ತಿರವೇ ಇರುವಂತೆ ಮಾಡಿದ್ದು ಹೇಗೆ ಎಂದು ಕೇಳುವವರು ಬಹಳ. ಅದನ್ನು ಬರೆಯುವುದಿಲ್ಲ. ಬರೀ ಬಾಟಾದಿಂದ (ದಿನಭತ್ಯೆಯಿಂದ) ಆಗುವ ಕೆಲಸವಲ್ಲ ಎಂದಷ್ಟೇ ಹೇಳಬಹುದು.

ಮೊದಲ ವರ್ಷ ಎರಡು ಯಂತ್ರವನ್ನೂ ಕೆಳತುದಿಯಲ್ಲಿ ನಿಲ್ಲಿಸಿದ್ದು ಶುದ್ಧ ತಪ್ಪು. ಮಣ್ಣು ಬಿದ್ದದ್ದು ಮೇಲಿನ ತಿರುವಿನಲ್ಲಿ. ನಡುವೆ ಮೂರು ಕಿಲೋಮೀಟರ್ ಲಾರಿಗಳ ಸಾಲು, ಅದನ್ನು ಸೀಳಿಕೊಂಡು ಜೆಸಿಬಿ ಹತ್ತಲಿಲ್ಲ. ಈಗ ಮೇಲೊಂದು, ಕೆಳಗೊಂದು. ಇಟಾಚಿ (ಚೈನಿನ ಮೇಲೆ ಓಡುವ ದೊಡ್ಡ ಅಗೆಯುವ ಯಂತ್ರ) ಬೇಕಾದರೆ ಟ್ರೇಲರ್ ಮೇಲೆ ಬರಬೇಕು, ಅದು ಇಳಿಯುವ ಜಾಗ ಮೊದಲೇ ನೋಡಿಡಬೇಕು.

ಇನ್ನು ರಸ್ತೆ ಮುಚ್ಚುವ ಗೇಟ್. ಕುಸಿದ ಜಾಗದಲ್ಲಿ ಬ್ಯಾರಿಕೇಡ್ ಹಾಕಿದರೆ ಪ್ರಯೋಜನವಿಲ್ಲ. ಹೇರ್‌ಪಿನ್ ತಿರುವಿನಲ್ಲಿ ಹನ್ನೆರಡು ಚಕ್ರದ ಲಾರಿ ವಾಪಸು ತಿರುಗುವುದಿಲ್ಲ. ಲಾರಿ ತಿರುಗಿಸಲು ಜಾಗ ಇರುವ ಕೊನೆಯ ಕಡೆಯಲ್ಲೇ ತಡೆಯಬೇಕು. ಚಾರ್ಮಾಡಿಯಾದರೆ ಮೇಲೆ ಕೊಟ್ಟಿಗೆಹಾರ. ಶಿರಾಡಿಯಾದರೆ ಕೆಳಗೆ ಗುಂಡ್ಯ. ತೊಡಕು ಕಾಗದದ್ದು. ಮುಚ್ಚುವ ಆದೇಶ ಜಿಲ್ಲಾಧಿಕಾರಿಗಳದ್ದು, ಘಾಟಿಯ ಎರಡು ತುದಿ ಎರಡು ಜಿಲ್ಲೆ. ಒಂದು ಕಡೆ ಸಂಜೆ ಏಳಕ್ಕೆ ಆದೇಶ, ಇನ್ನೊಂದು ಕಡೆ ಒಂಬತ್ತಕ್ಕೆ. ಆ ಎರಡು ಗಂಟೆಯಲ್ಲಿ ಹತ್ತಿದ ವಾಹನಗಳೇ ಇಡೀ ರಾತ್ರಿಯ ತಲೆನೋವು. ಈಗ ಮೋಟಾರು ವಾಹನ ಕಾಯ್ದೆಯ 115ನೇ ಕಲಂ (ವಾಹನ ಸಂಚಾರ ನಿರ್ಬಂಧಿಸುವ ಅಧಿಕಾರ) ಹಾಕಿದ ಕರಡು ಆದೇಶ, ದಿನಾಂಕ ಮತ್ತು ಗಂಟೆಯ ಜಾಗ ಮಾತ್ರ ಖಾಲಿ ಬಿಟ್ಟು, ಎರಡೂ ಕಚೇರಿಗಳಲ್ಲಿ ಮೇ ತಿಂಗಳಲ್ಲೇ ಇರುತ್ತದೆ. ಬದಲಿ ಮಾರ್ಗವನ್ನೂ ಅದರಲ್ಲೇ ಬರೆದಿರಬೇಕು. ಒಂದು ಘಾಟಿ ಮುಚ್ಚಿದ ಭಾರ ಪಕ್ಕದ ಘಾಟಿಯ ಮೇಲೆ ಬೀಳುತ್ತದೆ. ಗ್ಯಾಸ್ ಟ್ಯಾಂಕರ್‌ಗಳನ್ನು ಎಲ್ಲಕ್ಕಿಂತ ಮೊದಲು ತಡೆಯಬೇಕು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಬಿದ್ದದ್ದು ರಸ್ತೆ ಬದಿಯ ಹೋಟೆಲಿನ ಮೇಲೆ, ಟ್ಯಾಂಕರ್ ಹೋಗಿದ್ದು ಗಂಗಾವಳಿ ನದಿಗೆ. ಗುಡ್ಡ ಕಡಿದ ಬುಡದಲ್ಲಿ ಚಹಾದಂಗಡಿಯೂ ಬೇಡ, ಪಾರ್ಕಿಂಗೂ ಬೇಡ.

ಯಾವಾಗ ಮುಚ್ಚುವುದು? ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 115.5 ಮಿ.ಮೀ. ದಾಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಘಾಟಿಯಲ್ಲಿ ಜುಲೈ ಪೂರ್ತಿ ಇದೇ ಕಥೆ, ಅಲರ್ಟಿನ ಬಣ್ಣ ನೋಡಿ ಮುಚ್ಚಿದರೆ ರಸ್ತೆ ತೆರೆಯುವುದೇ ಇಲ್ಲ. ನಾವು ನೋಡುವುದು ಹಿಂದಿನ ಮೂರು ದಿನದ ಮೊತ್ತ. ಅದು ಮುನ್ನೂರು ಮಿ.ಮೀ. ದಾಟಿ, ನಾಲ್ಕನೇ ದಿನ ಬೆಳಿಗ್ಗೆಯೊಳಗೆ ಮತ್ತೆ ನೂರು ಸುರಿದರೆ ಸಂಜೆ ಗೇಟ್. ಅಂಕಿ ನಮ್ಮ ಮಣ್ಣಿನದು, ನಿಮ್ಮದನ್ನು ನೀವೇ ಕಂಡುಕೊಳ್ಳಿ. ಜೊತೆಗೆ ಕಣ್ಣಿಗೆ ಕಾಣುವ ಎರಡು ಗುರುತು: ದಿನವೂ ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಾಗುವುದು, ಜೋರು ಮಳೆಯಲ್ಲೂ ಒರತೆ ಇದ್ದಕ್ಕಿದ್ದಂತೆ ನಿಲ್ಲುವುದು. ಎರಡನೆಯದು ಹೆಚ್ಚು ಕೆಟ್ಟದ್ದು, ನೀರು ಒಳಗೇ ಕಟ್ಟಿಕೊಳ್ಳುತ್ತಿದೆ ಎಂದರ್ಥ. ಮೂರನೆಯ ಗುರುತೊಂದಿದೆ, ಇನ್ನೊಂದು ಮಳೆಗಾಲ ನೋಡಿದ ಮೇಲೆ ಹೇಳಬಹುದು.

ಗುಡ್ಡದ ಮೇಲಿನ ಬಿರುಕಿಗೆ ಟಾರ್ಪಾಲು ಹೊದಿಸಿದ್ದು ಎರಡೇ ದಿನ ನಿಂತಿತು, ಗಾಳಿ ಹರಿದುಹಾಕಿತು. ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು ನಡುವಿನ ಅಳತೆ ದಿನವೂ ಬರೆದದ್ದು ಮಾತ್ರ ಚೆನ್ನಾಗಿ ನಡೆಯಿತು. ಇನ್ನೂರು ರೂಪಾಯಿಯೂ ಆಗಲಿಲ್ಲ.

ಬಿದ್ದ ಮಣ್ಣು ತೆಗೆಯುವಾಗ ಹೊಸಬರು ನೇರ ಬುಡಕ್ಕೆ ಬಕೆಟ್ ಹಾಕುತ್ತಾರೆ. ಬುಡ ಹೋದರೆ ಮೇಲಿನದು ಯಂತ್ರದ ಮೇಲೇ ಬರುತ್ತದೆ. ಕಣಿವೆ ಬದಿಯಿಂದ ಒಂದು ಲೇನ್ ಮಾತ್ರ ಬಿಡಿಸಬೇಕು, ಸೀಟಿ ಹಿಡಿದ ಒಬ್ಬ ಎದುರು ನಿಂತು ಗುಡ್ಡವನ್ನೇ ನೋಡುತ್ತಿರಬೇಕು. ಮಣ್ಣನ್ನು ಕಣಿವೆಗೆ ತಳ್ಳುವುದು ಸುಲಭ, ಆದರೆ ಆ ಭಾರಕ್ಕೆ ರಸ್ತೆಯ ಹೊರ ಅಂಚು ಮುಂದಿನ ಮಳೆಗೆ ಕುಸಿಯುತ್ತದೆ, ಅರಣ್ಯ ಇಲಾಖೆಯ ನೋಟಿಸು ಬೇರೆ. ಅಂಚು ಕೊಚ್ಚಿಹೋಗುತ್ತಿದ್ದರೆ ಮರಳು ಚೀಲ. ಮುಕ್ಕಾಲು ಪಾಲಿಗಿಂತ ಹೆಚ್ಚು ತುಂಬಿಸಬಾರದು. ಬಿಗಿಯಾಗಿ ತುಂಬಿದ ಚೀಲ ಉರುಳುತ್ತದೆ, ಸಡಿಲವಾದದ್ದು ಒಂದಕ್ಕೊಂದು ಕಚ್ಚಿ ಕೂರುತ್ತದೆ.

ಬಂಡೆ ಒಡೆಯಲು ಸಿಡಿಮದ್ದಿನ ಬದಲು ಹಿಗ್ಗುವ ಪುಡಿಯನ್ನು ಪ್ರಯತ್ನಿಸಿದೆವು. ಸುಮಾರು 38 ಮಿ.ಮೀ. ತೂತು ಕೊರೆದು ಕಲಸಿ ಸುರಿಯುವುದು. ಬೇಸಿಗೆಯಲ್ಲಿ ಒಂದು ದಿನದೊಳಗೆ ಸೀಳಿತು; ಮಳೆಯಲ್ಲಿ ತೂತಿಗೆ ನೀರು ತುಂಬಿ ಗಂಜಿಯಾಯಿತು. ಏಳೆಂಟು ಸಾವಿರ ಹೋಯಿತು. ಪ್ಲಾಸ್ಟಿಕ್ ಕೊಳವೆಯೊಳಗೆ ತುಂಬಿ ಇಳಿಸಿದರೆ ಅರ್ಧದಷ್ಟು ಫಲ. ಬಂಡೆ ಕುಟ್ಟಿ ಒಡೆಯುವ ಬ್ರೇಕರ್ ಬಾಡಿಗೆಯೇ ಲೇಸು.

ಸೋಲಾರ್ ಬ್ಲಿಂಕರ್ (ಮಿನುಗುವ ಎಚ್ಚರಿಕೆ ದೀಪ) ಬಗ್ಗೆ ಒಂದು ಮಾತು: ಹತ್ತು ದಿನ ಬಿಸಿಲು ಕಾಣದ ಘಾಟಿಗೆ ಅದನ್ನು ಖರೀದಿಸಿದವರಿಗೆ ಏನು ಹೇಳುವುದು. ಈಗ ಹಳೆಯ ಲಾರಿ ಬ್ಯಾಟರಿ, ವಾರಕ್ಕೊಮ್ಮೆ ಚಾರ್ಜ್. ಮೊಬೈಲ್ ಸಿಗ್ನಲ್ ಸಿಗುವ ಜಾಗಗಳನ್ನು ಕಿಲೋಮೀಟರ್ ಕಲ್ಲಿನ ಮೇಲೆ ಹಳದಿ ಬಣ್ಣದಲ್ಲಿ ಗುರುತು ಮಾಡಿದ್ದು ವಾಕಿಟಾಕಿಗಿಂತ ಉಪಯೋಗಕ್ಕೆ ಬಂತು. ಮರ ಬಿದ್ದು ತಂತಿ ಸಿಕ್ಕಿಕೊಂಡಿದ್ದರೆ ಲೈನ್‌ಮನ್ ಎಲ್‌ಸಿ (ಲೈನ್ ಕ್ಲಿಯರ್, ತಂತಿಯಲ್ಲಿ ಕರೆಂಟ್ ಇಲ್ಲ ಎಂಬ ಒಪ್ಪಿಗೆ) ಕೊಡುವವರೆಗೆ ಗರಗಸ ಮುಟ್ಟಬಾರದು.

ಮೇ ಕೊನೆಯ ಅಣಕು ಪ್ರದರ್ಶನದಲ್ಲಿ ಫೋನ್ ಬಂದ ಹೊತ್ತಿನಿಂದ ಮೊದಲ ಬಕೆಟ್ ಮಣ್ಣು ಎತ್ತುವವರೆಗೆ ಮೊದಲ ವರ್ಷ ಎರಡೂವರೆ ಗಂಟೆ, ಈಚೆಗೆ ನಲವತ್ತು ನಿಮಿಷ. ಅದರಲ್ಲೂ ಹದಿನೈದು ನಿಮಿಷ ಗೇಟಿನ ಬೀಗದ ಕೈ ಹುಡುಕಲು ಹೋಗಿತ್ತು. ಈಗ ಬೀಗಕ್ಕೆ ಕೈ ನಾಲ್ಕು: ಒಂದು ಪೊಲೀಸ್ ಠಾಣೆಯಲ್ಲಿ, ಒಂದು ಅರಣ್ಯ ಚೆಕ್‌ಪೋಸ್ಟಿನಲ್ಲಿ, ಒಂದು ಆಪರೇಟರ್ ಕೊರಳಲ್ಲಿ, ಒಂದು ನಮ್ಮ ಜೀಪಿನಲ್ಲಿ.