ಸುರಂಗದ ಹನಿಯಿಂದ ಮೊದಲ ಪ್ರದರ್ಶನ: ಕ್ಯುರೇಟರ್ ಆಗಹೊರಟವರಿಗೆ

ಕಲೆ, ವಿಜ್ಞಾನ, ತಂತ್ರಜ್ಞಾನ ಮೂರನ್ನೂ ಒಂದೇ ಕೋಣೆಗೆ ತರುವ ಕ್ಯುರೇಟರ್ ಆಗಬೇಕೆನ್ನುವವರು ಮೊದಲು ಹುಡುಕುವುದು ಕೋರ್ಸು. ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಮ್ಯೂಸಿಯಾಲಜಿ (ವಸ್ತುಸಂಗ್ರಹಾಲಯ ಶಾಸ್ತ್ರ) ವಿಭಾಗ 1952ರಿಂದ ಇದೆ. ಹೋಗಿ ಕಲಿಯಬಹುದು. ಆದರೆ ಅರ್ಜಿ ಹಾಕುವಾಗ ಕೈಯಲ್ಲಿ ಮಾಡಿ ಮುಗಿಸಿದ ಒಂದು ಪ್ರದರ್ಶನ ಇರಲಿ. ಕಾಸರಗೋಡಿನ ಬಾಯಾರು, ಎಣ್ಮಕಜೆ ಕಡೆಯವರಿಗೆ ವಸ್ತು ಮನೆ ಹಿಂದಿನ ಗುಡ್ಡೆಯಲ್ಲೇ ಇದೆ: ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ತೋಡಿದ ಸುರಂಗ.

‘ನೀರು ಮತ್ತು ಬದುಕು’ ಎಂಬಂಥ ಹೆಸರಿಟ್ಟರೆ ಕೆಲಸ ಅಲ್ಲೇ ಕೆಟ್ಟಿತು. ಅಳೆಯಲು ಬರುವ ಒಂದು ಪ್ರಶ್ನೆ ಹಿಡಿಯಿರಿ: ಡಿಸೆಂಬರಿನಿಂದ ಮೇವರೆಗೆ ಈ ಸುರಂಗದ ನೀರು ಎಷ್ಟು ಇಳಿಯುತ್ತದೆ? ಮನೆಯವರ ಒಪ್ಪಿಗೆ ಪಡೆದು ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ನೀರು ಹೊರಬೀಳುವ ದಂಬೆಯ ಕೆಳಗೆ 10 ಲೀಟರಿನ ಬಕೆಟ್ ಇಟ್ಟು ಸಮಯ ನೋಡಿ. 4 ನಿಮಿಷಕ್ಕೆ ತುಂಬಿದರೆ ನಿಮಿಷಕ್ಕೆ 2.5 ಲೀಟರ್. ಒಳಗೆ ಹೋಗುವ ಅಗತ್ಯವಿಲ್ಲ. ಹೋಗಲೇಬೇಕಾದರೆ ಅನುಭವಸ್ಥರ ಜೊತೆಗೆ, ಹೊತ್ತಿಸಿದ ದೀಪ ಹಿಡಿದು ಹೋಗಿ. ದೀಪ ಸಣ್ಣಗಾದರೆ ಒಳಗೆ ಗಾಳಿ ಸಾಲದು, ಕೂಡಲೇ ಹಿಂದೆ ಬನ್ನಿ. ಮಳೆಗಾಲದಲ್ಲಿ ಬೇಡವೇ ಬೇಡ.

ಈಗ ಆ ಅಂಕಿಗಳನ್ನು ಹನಿಗಳಾಗಿಸಬೇಕು. ಮೆಡಿಕಲ್ ಶಾಪಿನ ಮಾಮೂಲಿ ಡ್ರಿಪ್ ಸೆಟ್ ಸಾಕು. 20 ಹನಿಗೆ 1 ಮಿಲಿಲೀಟರ್ ಲೆಕ್ಕದ್ದನ್ನೇ ಕೇಳಿ ತನ್ನಿ. ಡಿಸೆಂಬರಿನ ಹರಿವನ್ನು ಸೆಕೆಂಡಿಗೆ 2 ಹನಿ ಎಂದಿಟ್ಟುಕೊಳ್ಳಿ. ಏಪ್ರಿಲಿನಲ್ಲಿ ಹರಿವು ಕಾಲು ಭಾಗಕ್ಕೆ ಇಳಿದಿದ್ದರೆ ಎರಡು ಸೆಕೆಂಡಿಗೆ ಒಂದು ಹನಿ. ಎರಡು ಸೆಟ್ಟು ಪಕ್ಕಪಕ್ಕ ತೂಗಿದರೆ ನೋಡುವವರ ಕಿವಿಗೇ ವ್ಯತ್ಯಾಸ ಗೊತ್ತಾಗುತ್ತದೆ. ಗ್ರಾಫು ಬೇಕಿದ್ದರೆ ಗೋಡೆಯ ಮೇಲಿರಲಿ. ಸೆಕೆಂಡಿಗೆ 2 ಹನಿಯೆಂದರೆ ಗಂಟೆಗೆ 360 ಮಿಲಿಲೀಟರ್, ಆರು ಗಂಟೆಗೆ ಎರಡು ಲೀಟರಿಗಿಂತ ಸ್ವಲ್ಪ ಹೆಚ್ಚು. ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿಡಿ. ಉದ್ದ ಬಾಟಲಿಯಲ್ಲಿ ಮಟ್ಟ ಬೇಗ ಇಳಿದು, ಒತ್ತಡ ಕಡಿಮೆಯಾಗಿ, ಮಧ್ಯಾಹ್ನದ ಹೊತ್ತಿಗೆ ನಿಮ್ಮ ಡಿಸೆಂಬರ್ ಫೆಬ್ರವರಿಯಾಗಿರುತ್ತದೆ! ನೀರು ಸೋಸಿ ಹಾಕಿ, ಇಲ್ಲದಿದ್ದರೆ ನಳಿಗೆ ಕಟ್ಟುತ್ತದೆ.

ಇನ್ನು ಹನಿ ಎಣಿಸಬೇಕು. ಹನಿ ಬೀಳುವ ಜಾಗದಲ್ಲಿ ಒಂದು ಸ್ಟೀಲ್ ಮುಚ್ಚಳ, ಅದರಡಿಗೆ ಕಂಪನವನ್ನು ವಿದ್ಯುತ್ತಾಗಿಸುವ 27 ಮಿಲಿಮೀಟರಿನ ಪೀಜೋ ಡಿಸ್ಕ್ ಅಂಟಿಸಿ. ಅದರ ಎರಡು ತಂತಿಗಳ ನಡುವೆ 1 ಮೆಗಾಓಮ್ ರೆಸಿಸ್ಟರ್. ಒಂದು ತಂತಿ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಎ0 ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ. ಮುಚ್ಚಳದಿಂದ ಒಂದಡಿ ಮೇಲಿಂದ ಹನಿ ಬೀಳಲಿ. ಎಷ್ಟು ಓದು ಮೀರಿದರೆ ಹನಿ ಬಿತ್ತೆಂದು ಎಣಿಸಬೇಕು ಎಂಬ ಮಿತಿಯನ್ನು 100ರಿಂದ ಶುರುಮಾಡಿ ಹೊಂದಿಸಿಕೊಳ್ಳಿ. ಒಂದೇ ಹನಿಯನ್ನು ಮೂರು ಎಂದು ಎಣಿಸುತ್ತಿದ್ದರೆ ಮುಚ್ಚಳ ಇನ್ನೂ ಕಂಪಿಸುತ್ತಿದೆ ಎಂದರ್ಥ. ಪ್ರತಿ ಹನಿಯ ನಂತರ 100 ಮಿಲಿಸೆಕೆಂಡ್ ಓದದೆ ಬಿಡುವಂತೆ ಕೋಡಿನಲ್ಲಿ ಬರೆಯಿರಿ. ಬೆಸುಗೆ ಹಾಕಿದ ಜಾಗಕ್ಕೆ ಬಿಸಿ ಗ್ಲೂ ಸುರಿದು ಮುಚ್ಚಿ. ಪವರ್ ಬ್ಯಾಂಕ್ ನಂಬಬೇಡಿ: ಆರ್ಡುಯಿನೋ ಎಳೆಯುವ ಕರೆಂಟು ಬಹಳ ಕಡಿಮೆ, ಫೋನು ಚಾರ್ಜ್ ಆಗಿ ಮುಗಿಯಿತೆಂದುಕೊಂಡು ಎಷ್ಟೋ ಪವರ್ ಬ್ಯಾಂಕುಗಳು ತಾವಾಗಿ ಆಫ್ ಆಗುತ್ತವೆ. 5 ವೋಲ್ಟಿನ ಚಾರ್ಜರ್ ಬಳಸಿ. ಅದರ ಪ್ಲಗ್ಗು ಮಾತ್ರ ನೀರಿಗಿಂತ ಎತ್ತರದಲ್ಲಿ, ದೂರದಲ್ಲಿ ಇರಬೇಕು.

ಪಕ್ಕದ ಮೇಜಿನಲ್ಲಿ ಮುರಕಲ್ಲಿನ (ಜಂಬಿಟ್ಟಿಗೆ) ತುಂಡು, ತಕ್ಕಡಿ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ತೂಗಿ, 24 ಗಂಟೆ ನೆನೆಸಿ ಮತ್ತೆ ತೂಗಿ. ಹೆಚ್ಚಿದ ತೂಕವೇ ಕಲ್ಲು ಕುಡಿದ ನೀರು. ಮಳೆನೀರು ಹೀಗೆ ಇಂಗಿ, ಅಡಿಯ ಜೇಡಿ ಪದರದಲ್ಲಿ ತಡೆದು, ಅಡ್ಡಕ್ಕೆ ಜಿನುಗುವುದನ್ನೇ ಸುರಂಗ ಹಿಡಿಯುತ್ತದೆ.

ಹಳೆಯ ಕಡತ, ತಾಳೆಗರಿ ಎರವಲು ತಂದರೆ ಬೆಳಕು 50 ಲಕ್ಸ್ ಮೀರಬಾರದು. ಲ್ಯಾಮಿನೇಶನ್ ಮಾಡಿಸಲೇಬೇಡಿ, ಹಿಂದಕ್ಕೆ ಬರುವ ದಾರಿಯಿಲ್ಲ. ತರುವ ದಿನವೇ ನಾಲ್ಕು ಬದಿಯ ಫೋಟೋ ತೆಗೆದು, ಎಲ್ಲೆಲ್ಲಿ ಹರಿದಿದೆ ಎಂದು ಬರೆದು, ಹಿಂದಿರುಗಿಸುವ ತಾರೀಕು ಹಾಕಿ ಇಬ್ಬರೂ ಸಹಿ ಮಾಡಿ. ಪರಿಚಯದವರಾದರೂ ಸರಿ.

ಹೆಚ್ಚಿನವರು ಸೋಲುವುದು ಲೇಬಲ್ಲಿನಲ್ಲಿ. ಒಂದಕ್ಕೆ 50 ಪದ ಸಾಕು. ಕನ್ನಡ, ಮಲಯಾಳ ಎರಡೂ ಒಂದೇ ಗಾತ್ರದಲ್ಲಿ, 24 ಪಾಯಿಂಟಿಗಿಂತ ಸಣ್ಣದು ಬೇಡ. ಪ್ರೆಸ್ಸಿಗೆ ಟೈಪು ಮಾಡಿದ ಫೈಲು ಕೊಟ್ಟರೆ ನುಡಿ-ಯುನಿಕೋಡ್ ಗೊಂದಲದಲ್ಲಿ ಒತ್ತಕ್ಷರ ಪಕ್ಕಕ್ಕೆ ಹಾರುತ್ತದೆ, ‘ಮಣ್ಣು’ ಮಣ್ಣಾಗುತ್ತದೆ. ಫಾಂಟನ್ನು ಒಳಗೇ ಸೇರಿಸಿದ ಪಿಡಿಎಫ್ ಕೊಟ್ಟು, ಒಂದು ಹಾಳೆ ಮೊದಲು ತೆಗೆಸಿ, ಮಲಯಾಳವನ್ನು ಮಲಯಾಳ ಓದುವವರಿಗೇ ತೋರಿಸಿ. 1968ರಲ್ಲಿ ಲಂಡನ್ನಿನಲ್ಲಿ ಜೇಸಿಯಾ ರೈಕಾರ್ಟ್ ಕಟ್ಟಿದ ಕಂಪ್ಯೂಟರ್ ಕಲೆಯ ಪ್ರದರ್ಶನದಲ್ಲಿ, ಟಿಪ್ಪಣಿ ಓದದೆ ಇದು ಕಲಾವಿದರದೋ ಎಂಜಿನಿಯರದೋ ಗೊತ್ತಾಗುತ್ತಿರಲಿಲ್ಲ. ನಿಮ್ಮಲ್ಲೂ ಹಾಗೇ ಇರಲಿ, ಆದರೆ ಸುರಂಗ ತೋಡಿದವರ ಹೆಸರು, ಅವರು ಒಪ್ಪಿದರೆ, ಮೊದಲ ಸಾಲಿನಲ್ಲೇ ಬರಲಿ.

ಬಿಚ್ಚುವ ದಿನ ವೈರಿಂಗಿನ ಫೋಟೋ, ಜಾಗದ ನಕ್ಷೆ, ಖರ್ಚಿನ ಪಟ್ಟಿ, ಯಾವ ದಿನ ಏನು ಕೈಕೊಟ್ಟಿತು ಎಂಬ ಡೈರಿ, ಎಲ್ಲವನ್ನೂ ಒಂದು ಫೈಲಿಗೆ ಸೇರಿಸಿ. ಮುಂದೆ ಅರ್ಜಿಯ ಜೊತೆ ಕಳಿಸುವುದು ಇದನ್ನೇ, ಡೈರಿಯ ಪುಟಗಳೂ ಸೇರಿ.