ಕರಿನೀರಿಗೆ ಬಂದ ಮೇರಿ ಬ್ರಯಾಂಟ್: ಸಿಡ್ನಿಯ ದಂಡೆಯಲ್ಲಿ ನಾನು ಹೇಳುವ ಬದುಕು

ಮಕ್ಕಳ ಮನೆಗೆಂದು ಊರಿನಿಂದ ಸಿಡ್ನಿಗೆ ಬರುವ ಅಪ್ಪ ಅಮ್ಮಂದಿರನ್ನು ವಾರಾಂತ್ಯದಲ್ಲಿ ನಗರದ ಹಳೆಯ ಭಾಗಕ್ಕೆ ಕರೆದೊಯ್ದು, ಅಲ್ಲಿಯ ಚರಿತ್ರೆಯನ್ನು ಕನ್ನಡದಲ್ಲಿ ಹೇಳುವ ಕೆಲಸವನ್ನು ನಾನು ಇಷ್ಟಪಟ್ಟು ಮಾಡುತ್ತಿದ್ದೇನೆ. "ಇದು ಕಳ್ಳರನ್ನು ತಂದು ಬಿಟ್ಟ ದೇಶವಂತೆ, ಹೌದೇ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮೊದಲೆಲ್ಲ ಹಡಗುಗಳ ಹೆಸರು, ಗವರ್ನರುಗಳ ಹೆಸರು ಹೇಳುತ್ತಿದ್ದೆ. ಕೇಳುವವರ ಕಣ್ಣು ಸೇತುವೆಯ ಕಡೆಗೇ ಇರುತ್ತಿತ್ತು. ಆಮೇಲೆ ಒಬ್ಬಳೇ ಕೈದಿ ಹೆಂಗಸನ್ನು ಹಿಡಿದು ಅವಳ ಬದುಕನ್ನೇ ಪೂರ್ತಿಯಾಗಿ ಹೇಳತೊಡಗಿದೆ. ಅವಳು ಮೇರಿ ಬ್ರಯಾಂಟ್.

ಮೇರಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಫೋಯಿ ಎಂಬ ಬಂದರಿನವಳು. ತವರಿನ ಹೆಸರು ಮೇರಿ ಬ್ರಾಡ್. 1786ರ ಮಾರ್ಚ್‌ನಲ್ಲಿ ಎಕ್ಸಿಟರ್ ನ್ಯಾಯಾಲಯ ಅವಳಿಗೆ ಮರಣದಂಡನೆ ವಿಧಿಸಿತು. ಪ್ಲಿಮತ್‌ನಲ್ಲಿ ಇನ್ನಿಬ್ಬರು ಹೆಂಗಸರ ಜೊತೆ ಸೇರಿ ಆಗ್ನೆಸ್ ಲೇಕ್‌ಮನ್ ಎಂಬ ಮಹಿಳೆಯ ಮೇಲೆ ಕೈಮಾಡಿ, ರೇಷ್ಮೆಯ ಟೋಪಿ ಮತ್ತಿತರ ವಸ್ತುಗಳನ್ನು ದೋಚಿದ್ದು ಅಪರಾಧ. ಶಿಕ್ಷೆ ಏಳು ವರ್ಷದ ಗಡೀಪಾರಿಗೆ ಇಳಿಯಿತು. ಹಸಿದವಳು ರೊಟ್ಟಿ ಕದ್ದಳು ಎಂಬಂತೆ ಹೇಳಿದರೆ ಕೇಳುವವರ ಕರುಳು ಬೇಗ ಕರಗುತ್ತದೆ, ನಿಜ. ಆದರೆ ನಾನು ಹಾಗೆ ಹೇಳುವುದಿಲ್ಲ. ಪೆಟ್ಟು ತಿಂದ ಆಗ್ನೆಸ್ ಕೂಡ ಹೆಂಗಸೇ ಅಲ್ಲವೇ? ಅಪರಾಧವನ್ನು ಇದ್ದಂತೆ ಹೇಳಿದಾಗಲೇ ಒಂದು ಟೋಪಿಗೆ ನೇಣು ಎಂದ ಆ ಕಾಲದ ಕಾನೂನಿನ ಕ್ರೌರ್ಯ ಕೇಳುವವರ ಎದೆಗೆ ತಾಗುತ್ತದೆ.

ಈ ಕಥನವನ್ನು ಕಟ್ಟುವಾಗ ಒಂದು ನಿಯಮ ಹಾಕಿಕೊಂಡೆ: ಹಿಂದೆ ಕಾಗದವಿಲ್ಲದ ಮಾತನ್ನು ಆಡಬಾರದು. ಮೇರಿ ತನ್ನ ಬದುಕನ್ನು ತಾನೇ ಬರೆದಿಟ್ಟಿಲ್ಲ. ಅವಳ ಬಗ್ಗೆ ಬರೆದವರು ವೈದ್ಯರು, ಸೈನ್ಯಾಧಿಕಾರಿಗಳು, ಪಾದ್ರಿ, ನ್ಯಾಯಾಲಯದ ಗುಮಾಸ್ತರು, ಮುಂದೆ ಅವಳ ಜೊತೆ ತಪ್ಪಿಸಿಕೊಂಡು ಹೋದ ಜೇಮ್ಸ್ ಮಾರ್ಟಿನ್ ಎಂಬ ಕೈದಿ. ಇವರು ಬರೆದ ಸಾಲುಗಳನ್ನು ತಾರೀಖಿನ ಪ್ರಕಾರ ನೋಟ್‌ಬುಕ್‌ನಲ್ಲಿ ಜೋಡಿಸಿದೆ. ನಡುನಡುವೆ ದೊಡ್ಡ ದೊಡ್ಡ ಖಾಲಿ ಜಾಗಗಳು ಉಳಿದವು. ಅವಳ ಹೆಸರಿನಲ್ಲಿ ಹುಟ್ಟಿಕೊಂಡಿರುವ ಪ್ರಣಯದ ಕಥೆಗಳು ಆ ಜಾಗಗಳನ್ನು ತುಂಬಲು ಸಿದ್ಧವಾಗಿಯೇ ಇವೆ. ನಾನು ಅವುಗಳನ್ನು ಮುಟ್ಟಲಿಲ್ಲ.

ಖಾಲಿ ಜಾಗಗಳಲ್ಲಿ ಏನನ್ನು ಹುಡುಕಬೇಕು ಎಂದು ಕಲಿಸಿದವರು ನನ್ನ ಕೇಳುಗರು. ಹಡಗಿನಲ್ಲೇ ಅವಳಿಗೆ ಹೆರಿಗೆಯಾಯಿತು ಎಂದಾಗ ಹಾಸನದ ಕಡೆಯ ಹಿರಿಯರೊಬ್ಬರು ಕೇಳಿದರು: "ಬಾಣಂತನ ಮಾಡಿದವರು ಯಾರಮ್ಮಾ?" ನನ್ನ ಬಳಿ ಉತ್ತರವಿರಲಿಲ್ಲ. ಮನೆಗೆ ಹೋಗಿ ಹುಡುಕಿದೆ. 1787ರ ಮೇ 13ರಂದು ಕೈದಿಗಳೊಂದಿಗೆ ಇಂಗ್ಲೆಂಡಿನಿಂದ ಇತ್ತ ಹೊರಟ ಹನ್ನೊಂದು ಹಡಗುಗಳ ಪೈಕಿ ಮೇರಿ ಇದ್ದದ್ದು 'ಶಾರ್ಲಟ್'ನಲ್ಲಿ. ಮುಖ್ಯ ವೈದ್ಯ ಜಾನ್ ವೈಟ್ ಕೂಡ ಅದೇ ಹಡಗಿನಲ್ಲಿದ್ದ. ಸೆಪ್ಟೆಂಬರ್ 8ರ ದಿನಚರಿಯಲ್ಲಿ, ಮೇರಿ ಬ್ರಾಡ್ ಎಂಬ ಕೈದಿಗೆ ಚೆಂದದ ಹೆಣ್ಣುಮಗು ಹುಟ್ಟಿತೆಂದು ಅವನು ಬರೆದಿದ್ದಾನೆ. ರಿಯೊ ಡಿ ಜನೈರೊ ಬಿಟ್ಟು ಕೆಲವೇ ದಿನಗಳಾಗಿದ್ದವು. ಸುತ್ತ ಅಟ್ಲಾಂಟಿಕ್ ಸಮುದ್ರ. ಮಗುವಿಗೆ ಹಡಗಿನ ಹೆಸರನ್ನೇ ಇಟ್ಟಳು. ಆರೈಕೆ ಮಾಡಿದ ಕೈಗಳು ಯಾರವು ಎಂದು ವೈಟ್ ಹೇಳುವುದಿಲ್ಲ, ಆದ್ದರಿಂದ ನಾನೂ ಹೇಳುವುದಿಲ್ಲ. ಆದರೂ ಆ ಪ್ರಶ್ನೆಯನ್ನು ಪ್ರತಿ ಸಲವೂ ನಾನೇ ಎತ್ತುತ್ತೇನೆ. ಹಡಗಿನ ಉದ್ದಗಲಕ್ಕಿಂತ ಅದು ಮುಖ್ಯ.

ಸಿಡ್ನಿ ಬಂದರಿನ ದಂಡೆಯಾದ ಸರ್ಕ್ಯುಲರ್ ಕೀ ಬಳಿ ನಿಂತು, 1788ರ ಜನವರಿ 26ರಂದು ಇಲ್ಲಿ ಬ್ರಿಟಿಷ್ ಬಾವುಟ ಏರಿತು ಎನ್ನುವ ಮೊದಲು ಇದು ಇಲ್ಲಿಯ ಮೂಲನಿವಾಸಿಗಳಾದ ಗಡಿಗಲ್ ಜನರ ನೆಲ, ಅವರು ಇದನ್ನು ವಾರಾನ್ ಎನ್ನುತ್ತಿದ್ದರು ಎಂದು ಹೇಳುತ್ತೇನೆ. ಇಲ್ಲಿ ತೊಗಟೆಯ ದೋಣಿಗಳಲ್ಲಿ ಕುಳಿತು ಗಾಳ ಹಾಕಿ ಮೀನು ಹಿಡಿಯುತ್ತಿದ್ದವರು ಹೆಂಗಸರು. ಮರುವರ್ಷವೇ ಸಿಡುಬು ಬಂದು ಅವರಲ್ಲಿ ಬಹಳ ಮಂದಿ ಸತ್ತರು. ಇದನ್ನು ಬಿಟ್ಟು ಕೈದಿಗಳ ಕಷ್ಟವನ್ನಷ್ಟೇ ಹೇಳಿದರೆ ಕಥೆ ಸುಳ್ಳಾಗುತ್ತದೆ.

ಫೆಬ್ರವರಿ 10ರಂದು ಮೇರಿ ಕಾರ್ನ್‌ವಾಲ್‌ನವನೇ ಆದ ವಿಲಿಯಂ ಬ್ರಯಾಂಟ್‌ನನ್ನು ಮದುವೆಯಾದಳು. ಅವನು ಬೆಸ್ತ, ವಸಾಹತಿನ ಮೀನುಗಾರಿಕೆ ಅವನ ಕೈಯಲ್ಲಿತ್ತು. ಕದ್ದು ಮೀನು ಮಾರಿದ್ದಕ್ಕೆ ನೂರು ಛಡಿಯೇಟು ತಿಂದ. 1790ರ ಏಪ್ರಿಲ್ ಹೊತ್ತಿಗೆ ಎರಡನೆಯ ಮಗು ಎಮ್ಯಾನ್ಯುಯೆಲ್ ಮಡಿಲಲ್ಲಿದ್ದ. ಅದೇ ತಿಂಗಳು ವಾರದ ಪಡಿ ಇಳಿಯಿತು: ಎರಡೂವರೆ ಪೌಂಡು ಹಿಟ್ಟು, ಎರಡು ಪೌಂಡು ಹಂದಿ ಮಾಂಸ, ಎರಡು ಪೌಂಡು ಅಕ್ಕಿ. ನಾನು ಅಷ್ಟೇ ಅಕ್ಕಿಯನ್ನು, ಅಂದರೆ ಸುಮಾರು ಒಂಬೈನೂರು ಗ್ರಾಂ, ಬಟ್ಟೆಯ ಚೀಲದಲ್ಲಿ ಒಯ್ದು ಕೈಯಿಂದ ಕೈಗೆ ಕೊಡುತ್ತೇನೆ. ಅಡುಗೆ ಮಾಡಿದ ಕೈಗಳಿಗೆ ತೂಕ ತಕ್ಷಣ ಅರ್ಥವಾಗುತ್ತದೆ. ಅಕ್ಕಿಯ ಕಾಳುಕಾಳೂ ಹುಳುಗಳಿಂದ ಚಲಿಸುತ್ತಿತ್ತು ಎಂದು ವಾಟ್ಕಿನ್ ಟೆಂಚ್ ಎಂಬ ಸೈನ್ಯಾಧಿಕಾರಿ ಬರೆದದ್ದನ್ನೂ ಹೇಳುತ್ತೇನೆ. ಮೊಲೆಯುಣ್ಣುವ ಕೂಸಿನ ತಾಯಿಗೆ ಇದೇ ಊಟ.

ಹತ್ತಿರದ ಹೈಡ್ ಪಾರ್ಕ್ ಬ್ಯಾರಕ್ಸ್ ತೋರಿಸಿ ಎಂದು ಕೆಲವರು ಕೇಳುತ್ತಾರೆ. ಅದು 1819ರಲ್ಲಿ ಗಂಡಸು ಕೈದಿಗಳಿಗಾಗಿ ತೆರೆದ ಕಟ್ಟಡ; ಮೇರಿಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ಬೇರೆ ದಿನಕ್ಕೆ ಇಟ್ಟುಕೊಂಡಿದ್ದೇನೆ.

1791ರ ಮಾರ್ಚ್ 28ರ ರಾತ್ರಿ ಮೇರಿ, ವಿಲಿಯಂ, ಎರಡು ಮಕ್ಕಳು, ಇನ್ನೂ ಏಳು ಗಂಡಸರು ಗವರ್ನರನ ದೋಣಿಯಲ್ಲಿ ಪರಾರಿಯಾದರು. ದಿಕ್ಸೂಚಿ, ನಕ್ಷೆಗಳು ಒಬ್ಬ ಡಚ್ ಕಪ್ತಾನನಿಂದ ಸಿಕ್ಕಿದ್ದವು. ಕರಾವಳಿ ಹಿಡಿದು ಉತ್ತರಕ್ಕೆ, ಹವಳದ ದಿಬ್ಬಗಳನ್ನು ದಾಟಿ, ಐದು ಸಾವಿರ ಕಿಲೋಮೀಟರಿಗೂ ಮಿಗಿಲಾದ ದಾರಿ ಸಾಗಿ ಜೂನ್ 5ರಂದು ಟಿಮೋರ್‌ನ ಕುಪಾಂಗ್ ತಲುಪಿದರು. ಹನ್ನೊಂದು ಮಂದಿಯೂ ಜೀವಂತವಾಗಿದ್ದರು. ಇಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕಥೆಯನ್ನು ಇಲ್ಲಿಗೇ ನಿಲ್ಲಿಸುವ ಆಸೆ ನನಗೂ ಆಗುತ್ತದೆ.

ಹಡಗು ಒಡೆದು ಬದುಕಿ ಬಂದವರು ಎಂದು ಹೇಳಿಕೊಂಡಿದ್ದರು. ಗುಟ್ಟು ರಟ್ಟಾಯಿತು, ಸೆರೆಯಾದರು. ಬಟಾವಿಯಾದಲ್ಲಿ (ಇಂದಿನ ಜಕಾರ್ತ) ಡಿಸೆಂಬರ್ 1ರಂದು ಎಮ್ಯಾನ್ಯುಯೆಲ್ ತೀರಿಕೊಂಡ, ಮೂರು ವಾರದಲ್ಲಿ ವಿಲಿಯಂ. ಮೇರಿಯನ್ನೂ ಶಾರ್ಲಟ್‌ಳನ್ನೂ ಇಂಗ್ಲೆಂಡಿಗೆ ಒಯ್ದ 'ಗೋರ್ಗನ್' ಹಡಗಿನಲ್ಲಿ ವಾಟ್ಕಿನ್ ಟೆಂಚ್ ಇದ್ದ. ಐದು ವರ್ಷದ ಹಿಂದೆ 'ಶಾರ್ಲಟ್'ನಲ್ಲೂ ಮೇರಿಯ ಜೊತೆ ಪಯಣಿಸಿದವನು ಅವನು. ಈ ಕೈದಿಗಳನ್ನು ಕಂಡಾಗಲೆಲ್ಲ ಕನಿಕರವೂ ಬೆರಗೂ ಒಟ್ಟಿಗೆ ಆಗುತ್ತಿದ್ದವು ಎಂದು ಬರೆದ. ಅದೇ ಹಡಗಿನ ಇನ್ನೊಬ್ಬ ಅಧಿಕಾರಿ ರಾಲ್ಫ್ ಕ್ಲಾರ್ಕ್ 1792ರ ಮೇ 6ರ ದಿನಚರಿಯಲ್ಲಿ ಮೇರಿ ಬ್ರಾಡ್‌ಳ ಮಗು ಸತ್ತಿತು, ದೇಹವನ್ನು ಸಮುದ್ರಕ್ಕೆ ಒಪ್ಪಿಸಿದೆವು ಎಂದು ಬರೆದು, ಅಕ್ಷಾಂಶವನ್ನೂ ನಮೂದಿಸಿದ್ದಾನೆ. ಸಮುದ್ರದಲ್ಲಿ ಹುಟ್ಟಿದ ಶಾರ್ಲಟ್‌ಗೆ ಆಗ ಇನ್ನೂ ಐದು ತುಂಬಿರಲಿಲ್ಲ. ಇದನ್ನು ನಾನು ಅಭಿನಯಿಸುವುದಿಲ್ಲ, ದನಿ ಏರಿಸುವುದಿಲ್ಲ. ಕ್ಲಾರ್ಕ್ ಬರೆದಷ್ಟನ್ನೇ ಓದುತ್ತೇನೆ. ತಾಯಿ ಅತ್ತಳೆಂದು ಅವನು ಬರೆದಿಲ್ಲ. ಕೇಳುಗರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹನ್ನೊಂದು ಮಂದಿಯಲ್ಲಿ ಲಂಡನ್ ತಲುಪಿದವರು ಐವರು. ನ್ಯೂಗೇಟ್ ಸೆರೆಮನೆಯಲ್ಲಿದ್ದ ಅವರ ಪರವಾಗಿ ಜೇಮ್ಸ್ ಬಾಸ್ವೆಲ್ ಎಂಬ ಲೇಖಕ, ವಕೀಲ ಓಡಾಡಿದ. 1793ರ ಮೇ ತಿಂಗಳಲ್ಲಿ ಮೇರಿಗೆ ಕ್ಷಮಾದಾನ ದೊರೆಯಿತು. ಅವಳು ಊರಿಗೆ ಮರಳಲು ನೆರವಾಗಿ, ವರ್ಷಕ್ಕೆ ಹತ್ತು ಪೌಂಡು ಕೊಡುವ ಏರ್ಪಾಡನ್ನೂ ಮಾಡಿದ. ಅವಳು ಜತನದಿಂದ ತಂದಿದ್ದ ಸಿಹಿ ಚಹಾದ ಎಲೆಗಳು ಅವನ ಕಾಗದಪತ್ರಗಳ ನಡುವೆ ಉಳಿದುಕೊಂಡವು. ಸಿಡ್ನಿಯಲ್ಲಿ ಕೈದಿಗಳು ಕುದಿಸಿ ಕುಡಿಯುತ್ತಿದ್ದ ಸ್ಥಳೀಯ ಬಳ್ಳಿಯದು. ನಮ್ಮ ನನ್ನಾರಿಯೇ ಇರಬೇಕು ಎನ್ನುವವರಿಗೆ ಅಲ್ಲ, ಬೇರೆ ಕುಲದ ಗಿಡ ಎಂದು ತಿಳಿಸುತ್ತೇನೆ.

ಬಾಸ್ವೆಲ್ 1795ರಲ್ಲಿ ತೀರಿಕೊಂಡ. ಅಲ್ಲಿಂದಾಚೆಗೆ ಮೇರಿಯದೆಂದು ಖಚಿತವಾಗಿ ಹೇಳಬಹುದಾದ ದಾಖಲೆ ಇಲ್ಲ. "ಮತ್ತೆ ಮದುವೆಯಾದಳೇ? ಮಕ್ಕಳಾದವೇ?" ಎಂದು ಕೇಳಿದವರಿಗೆ ದಾಖಲೆ ನಿಂತಲ್ಲಿ ನಾನೂ ನಿಲ್ಲುತ್ತೇನೆ ಎನ್ನುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ, ಆಗಲಿ. ಈಗ ಸಿಡ್ನಿ ಬಳಿಯ ಪ್ಯಾರಮಟ್ಟಾದಲ್ಲಿ ಹೆಣ್ಣು ಕೈದಿಗಳನ್ನು ಇಟ್ಟು ದುಡಿಸುತ್ತಿದ್ದ ಕಾರ್ಖಾನೆಯ ಕಾಗದಗಳನ್ನು ಓದುತ್ತಿದ್ದೇನೆ. 1827ರ ಅಕ್ಟೋಬರ್‌ನಲ್ಲಿ ಪಡಿ ಕಡಿತಗೊಂಡಾಗ ಅಲ್ಲಿಯ ಹೆಂಗಸರು ಬಾಗಿಲು ಮುರಿದು ಬೀದಿಗಿಳಿದು ರೊಟ್ಟಿಗೂ ಮಾಂಸಕ್ಕೂ ಕೈಹಾಕಿದ್ದರು. ಮುಂದಿನ ನಡಿಗೆ ಅವರದು.