ಆನ್ ಆರ್ಬರ್‌ಗೆ ಬಂದಿದ್ದೀರಾ? 2023ರ ಫುಟ್‌ಬಾಲ್ ಸೀಸನ್ ಕತೆ ಕೇಳಿ

ಅಮೆರಿಕದ ಮಿಷಿಗನ್ ರಾಜ್ಯದ ಈ ಊರಿಗೆ ಹೊಸದಾಗಿ ಬಂದವರು ಮನೆ ಬಾಡಿಗೆ, ಕಾರು, ಸೋನಾ ಮಸೂರಿ ಸಿಗುವ ಅಂಗಡಿ ಎಲ್ಲ ವಿಚಾರಿಸುತ್ತಾರೆ. ಫುಟ್‌ಬಾಲ್, ಅಂದರೆ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಇಲ್ಲಿನ ಶನಿವಾರಗಳೆಲ್ಲ ಮಿಷಿಗನ್ ಯೂನಿವರ್ಸಿಟಿ ತಂಡದ್ದೇ. ಅದರ ಕತೆ ಗೊತ್ತಿದ್ದರೆ ಪಕ್ಕದ ಮನೆಯವರ ಜೊತೆ ಮಾತು ತಾನಾಗಿ ಶುರುವಾಗುತ್ತದೆ.

ಆಟ ಅರ್ಥವಾಗಲು ಇಷ್ಟು ಸಾಕು. ಚೆಂಡಿನೊಂದಿಗೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಚೆಂಡನ್ನು ಒದ್ದು ಕಂಬಗಳ ನಡುವೆ ದಾಟಿಸಿದರೆ 3. ಕಬಡ್ಡಿ ನೋಡಿ ಬೆಳೆದವರಿಗೆ ಓಡುವವನನ್ನು ಹಿಡಿದು ಕೆಡವುವ ಮಜಾ ಬೇಗ ಹಿಡಿಸುತ್ತದೆ.

ಈಗ ಕತೆ. 2023ರ ಸೀಸನ್‌ನಲ್ಲಿ 15 ಪಂದ್ಯ, 15 ಗೆಲುವು. ಎದುರಾಳಿ ಕೋಚ್‌ಗಳು ತಮ್ಮ ಆಟಗಾರರಿಗೆ ತೋರಿಸುವ ಗುಟ್ಟಿನ ಸನ್ನೆಗಳನ್ನು ತಂಡದವರು ಕದ್ದ ಆರೋಪದಲ್ಲಿ ಆಗಿನ ಕೋಚ್ ಜಿಮ್ ಹಾರ್ಬಾ ಅವರನ್ನು ಲೀಗ್ ನಿಯಮಿತ ಸೀಸನ್‌ನ ಕೊನೆಯ ಮೂರು ಪಂದ್ಯ ಹೊರಗಿಟ್ಟಿತು. ಆಫೀಸಿನಲ್ಲಿ ಪಕ್ಕದ ಓಹಾಯೋ ರಾಜ್ಯದವರಿದ್ದರೆ ಇದನ್ನೇ ಎತ್ತುತ್ತಾರೆ, ಅವರ ಓಹಾಯೋ ಸ್ಟೇಟ್ ತಂಡ ನಮ್ಮ ಕಡು ಎದುರಾಳಿ. ಸುಮ್ನೆ ವಾದಕ್ಕಿಳಿಯಬೇಡಿ, ಆ ಕಪ್ಪು ಚುಕ್ಕೆ ಇರುವುದು ನಿಜ. ಆ ಮೂರು ಪಂದ್ಯಗಳನ್ನು ಸಹಾಯಕ ಕೋಚ್ ಶೆರೋನ್ ಮೂರ್ ನಡೆಸಿದರು. ಪೆನ್ ಸ್ಟೇಟ್ ವಿರುದ್ಧ ಗೆದ್ದ ಮೇಲೆ ಅವರು ಟಿವಿ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತರು.

ನನಗೆ ಮರೆಯಲಾಗದ್ದು ನವೆಂಬರ್ 25, ಓಹಾಯೋ ಸ್ಟೇಟ್ ಪಂದ್ಯ. ನಮ್ಮ ತಂಡದ ಝ್ಯಾಕ್ ಝಿಂಟರ್ ಎಂಬ ಆಟಗಾರನ ಕಾಲು ಮುರಿಯಿತು. ಒಂದು ಲಕ್ಷಕ್ಕೂ ಜಾಸ್ತಿ ಜನ ಉಸಿರು ಬಿಗಿಹಿಡಿದು ಕೂತರು. ಅವನನ್ನು ಗಾಡಿಯಲ್ಲಿ ಹೊರಗೆ ಕರೆದೊಯ್ದ ಮೇಲೆ ಮೊದಲ ಅವಕಾಶದಲ್ಲೇ ನಮ್ಮ ಬ್ಲೇಕ್ ಕೋರಮ್ 22 ಗಜ ಓಡಿ ಟಚ್‌ಡೌನ್ ಮಾಡಿದ. ಮಾಡಿ, ಬೆರಳುಗಳಲ್ಲಿ 6, 5 ತೋರಿಸಿದ. 65 ಝಿಂಟರ್‌ನ ನಂಬರು! ಟಿವಿ ಮುಂದೆ ಕೂತಿದ್ದ ನನ್ನ ಕಣ್ಣು ತುಂಬಿ ಬಂತು. ಆ ದಿನ 30-24ರಲ್ಲಿ ಗೆದ್ದೆವು.

ಹೊಸ ವರ್ಷದ ದಿನ ರೋಸ್ ಬೌಲ್ ಎಂಬ ಸೆಮಿಫೈನಲ್‌ನಲ್ಲಿ ಅಲಬಾಮಾ ಎದುರು ಹೆಚ್ಚುವರಿ ಆಟಕ್ಕೆ ಹೋಗಿ 27-20ರ ಗೆಲುವು. ಜನವರಿ 8, 2024ರ ಸೋಮವಾರ ರಾತ್ರಿ ಹ್ಯೂಸ್ಟನ್‌ನಲ್ಲಿ ನಡೆದ ಫೈನಲ್‌ನಲ್ಲಿ ವಾಷಿಂಗ್ಟನ್ ವಿರುದ್ಧ 34-13. 1997ರ ನಂತರ ಮೊದಲ ರಾಷ್ಟ್ರೀಯ ಚಾಂಪಿಯನ್ ಪಟ್ಟ.

ಇನ್ನು ಸ್ಟೇಡಿಯಂ ವಿಷಯ. ಎಲ್ಲರೂ ಅದನ್ನು ಬಿಗ್ ಹೌಸ್ ಅನ್ನುತ್ತಾರೆ, 1,07,601 ಜನ ಹಿಡಿಸುತ್ತದೆ. ಹೋಗುವುದಾದರೆ ಹಳದಿ ಅಥವಾ ಗಾಢ ನೀಲಿ ಬಟ್ಟೆ ಹಾಕಿ. ಕೆಂಪು ಓಹಾಯೋ ಸ್ಟೇಟ್‌ನ ಬಣ್ಣ, ಅದು ಬೇಡ. ಬ್ಯಾಗ್ ಒಯ್ಯಬೇಡಿ. ಪಂದ್ಯದ ದಿನ ಮೇನ್ ಸ್ಟ್ರೀಟ್ ಕಡೆ ಕಾರು ತಿರುಗಿಸಲೇಬೇಡಿ, ದಿನಸಿ ತರುವುದಿದ್ದರೆ ಬೆಳಿಗ್ಗೆ ಬೇಗ ಮುಗಿಸಿ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಶನಿವಾರ ಗೊತ್ತುಮಾಡುವ ಮುಂಚೆ ಪಂದ್ಯಗಳ ಪಟ್ಟಿ ಒಮ್ಮೆ ನೋಡಿಬಿಡಿ. ಸಾಮಾನ್ಯವಾಗಿ ಓಹಾಯೋ ಸ್ಟೇಟ್ ಪಂದ್ಯ ಇರುವ ನವೆಂಬರ್ ಕೊನೆಯ ಶನಿವಾರವಂತೂ ಬೇಡವೇ ಬೇಡ, ಅಲ್ವಾ?

ಅಂಗಡಿಯಲ್ಲಿ ಗುರುತಿಲ್ಲದವರು ನಿಮ್ಮನ್ನು ನೋಡಿ "ಗೋ ಬ್ಲೂ" ಅಂದರೆ ಗಾಬರಿಯಾಗಬೇಡಿ, ಅದು ಈ ತಂಡದ ಘೋಷಣೆ. ನೀವೂ ನಕ್ಕು "ಗೋ ಬ್ಲೂ" ಅನ್ನಿ.